ತಾಳೆ ನೋಡಲು ಬಿಡುವ ಉಪನ್ಯಾಸ

1903ರ ಅಕ್ಟೋಬರ್ 31. ನ್ಯೂಯಾರ್ಕಿನಲ್ಲಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಯ ಸಭೆ. ದೊಡ್ಡ ಸಂಖ್ಯೆಗಳ ಅಪವರ್ತನದ ಬಗ್ಗೆ ಪ್ರಬಂಧ ಮಂಡಿಸಬೇಕಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಎದ್ದು ಬೋರ್ಡಿನ ಬಳಿಗೆ ಹೋದರು. ಬಾಯಿ ತೆರೆಯಲಿಲ್ಲ. 2ರ 67ನೇ ಘಾತವನ್ನು ಲೆಕ್ಕ ಹಾಕಿ, ಅದರಿಂದ 1 ಕಳೆದರು. ಆಮೇಲೆ ಬೋರ್ಡಿನ ಖಾಲಿ ಭಾಗಕ್ಕೆ ಸರಿದು 19,37,07,721 ಮತ್ತು 7,61,83,82,57,287 ಎಂಬ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು, ಶಾಲೆಯ ಮಕ್ಕಳು ಗುಣಿಸುವ ಹಾಗೆಯೇ ಗುಣಿಸುತ್ತ ಹೋದರು. ಎರಡೂ ಕಡೆ ಬಂದದ್ದು ಒಂದೇ ಉತ್ತರ: 14,75,73,95,25,89,67,64,12,927. ಸೀಮೆಸುಣ್ಣ ಕೆಳಗಿಟ್ಟು ಬಂದು ತಮ್ಮ ಜಾಗದಲ್ಲಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಯಾರೂ ಪ್ರಶ್ನೆ ಕೇಳಲಿಲ್ಲ.

ಈ ಪ್ರಸಂಗವನ್ನು ಬರೆದಿಟ್ಟವರು ಗಣಿತಜ್ಞ ಎರಿಕ್ ಟೆಂಪಲ್ ಬೆಲ್. ಕಥೆ ಹೇಳುವುದರಲ್ಲಿ ಅವರದು ಪಳಗಿದ ಕೈ, ಹಾಗಾಗಿ ಚಪ್ಪಾಳೆಯ ಸದ್ದು ಅವರ ಬರಹದಲ್ಲಿ ಕೊಂಚ ಜೋರಾಗಿರಬಹುದು. ಗುಣಾಕಾರದಲ್ಲಿ ಮಾತ್ರ ಉತ್ಪ್ರೇಕ್ಷೆಗೆ ಜಾಗವಿಲ್ಲ. ಓದುಗರು ಕೂತಲ್ಲೇ ಒಂದು ಸಣ್ಣ ತಾಳೆ ನೋಡಬಹುದು. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿದರೆ 37, ಅದನ್ನು ಕೂಡಿದರೆ 10, ಮತ್ತೆ ಕೂಡಿದರೆ 1. ಎರಡನೆಯದರದ್ದು 64, 10, 1. ಗುಣಲಬ್ಧದ್ದು 109, 10, 1. ಒಂದೊಂದಲೇ ಒಂದು, ಸರಿಹೋಯಿತು. ಇಷ್ಟರಿಂದಲೇ ಉತ್ತರ ಸರಿ ಎಂದು ಸಾಬೀತಾಗುವುದಿಲ್ಲ, ಆದರೆ ಎಲ್ಲೋ ಒಂದು ಅಂಕಿ ತಪ್ಪಿದ್ದರೆ ಬಹುಮಟ್ಟಿಗೆ ಇಲ್ಲೇ ಗೊತ್ತಾಗುತ್ತಿತ್ತು. ಆ ಎರಡು ಅಪವರ್ತನಗಳನ್ನು ಹುಡುಕಲು ಎಷ್ಟು ಕಾಲ ಹಿಡಿಯಿತು ಎಂದು ಬೆಲ್ ಮುಂದೊಮ್ಮೆ ಕೇಳಿದಾಗ ಕೋಲ್ ಹೇಳಿದ್ದು, ಮೂರು ವರ್ಷಗಳ ಭಾನುವಾರಗಳು ಎಂದು.

ಹುಡುಕಲು ಮೂರು ವರ್ಷದ ಭಾನುವಾರಗಳು ಬೇಕಾದವು. ಹುಡುಕಿದ್ದು ಸರಿಯೇ ಎಂದು ನೋಡಲು ಒಂದು ಸಭೆ ಸಾಕಾಯಿತು. ಕಂಪ್ಯೂಟರ್ ವಿಜ್ಞಾನದಲ್ಲಿ ಸಂಕೀರ್ಣತಾ ಸಿದ್ಧಾಂತ ಎಂಬ ಶಾಸ್ತ್ರ ನಿಂತಿರುವುದೇ ಈ ಅಂತರದ ಮೇಲೆ. 1971ರ ಮೇ ತಿಂಗಳಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ನಡೆದ ಸಮ್ಮೇಳನದಲ್ಲಿ ಸ್ಟೀಫನ್ ಕುಕ್ ಇದಕ್ಕೆ ಖಚಿತವಾದ ಗಣಿತದ ರೂಪ ಕೊಟ್ಟರು. ಆಗಿನ ಸೋವಿಯತ್ ಒಕ್ಕೂಟದಲ್ಲಿ ಲಿಯೊನಿಡ್ ಲೆವಿನ್ ಸ್ವತಂತ್ರವಾಗಿಯೇ ಅಲ್ಲಿಗೆ ಮುಟ್ಟಿದರು. ಬೇಗ ಬಿಡಿಸಬಹುದಾದ ಸಮಸ್ಯೆಗಳ ಗುಂಪಿಗೆ ಪಿ ಎಂದು ಹೆಸರು. ಉತ್ತರವನ್ನು ಯಾರಾದರೂ ಕೈಗಿತ್ತರೆ ಅದನ್ನು ಬೇಗ ತಾಳೆ ನೋಡಬಹುದಾದ ಸಮಸ್ಯೆಗಳ ಗುಂಪು ಎನ್‌ಪಿ. ಈ ಎರಡೂ ಒಂದೇ ಗುಂಪೋ, ಬೇರೆ ಬೇರೆಯೋ? ಅರ್ಧ ಶತಮಾನ ದಾಟಿದರೂ ಉತ್ತರ ಸಿಕ್ಕಿಲ್ಲ.

ಈ ಶಾಸ್ತ್ರದ ಉಪನ್ಯಾಸಗಳನ್ನು ಕೇಳುತ್ತ, ಆಗಾಗ ಕೊಡುತ್ತ ಬಂದ ನನಗೆ ಒಂದು ನಂಬಿಕೆ ಗಟ್ಟಿಯಾಗಿದೆ. ಬೇರೆ ವಿಷಯಗಳಲ್ಲಿ ಭಾಷಣಕಾರರು ಕೇಳುಗರನ್ನು ಒಪ್ಪಿಸಿದರೆ ಸಾಕು. ಇಲ್ಲಿ ಕೇಳುಗರು ತಾವೇ ತಾಳೆ ನೋಡಿ ಒಪ್ಪಬೇಕು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಅವರ ಕೈಗೆ ಇಡುವುದೇ ಉಪನ್ಯಾಸದ ಕೆಲಸ. ಯಾವುದು ತಾಳೆ ನೋಡಲು ಸುಲಭ, ಯಾವುದು ಕಷ್ಟ ಎಂಬುದನ್ನೇ ಅಧ್ಯಯನ ಮಾಡುವವರು ತಮ್ಮ ಮಾತನ್ನು ತಾಳೆ ನೋಡಲು ಬಾರದ ಹಾಗೆ ಹೇಳಿದರೆ ವಿಷಯಕ್ಕೇ ಅನ್ಯಾಯವಾಗುತ್ತದೆ. ಆದರೂ ಎಷ್ಟೋ ಉಪನ್ಯಾಸಗಳು ಹಾಗೆಯೇ ಶುರುವಾಗುತ್ತವೆ. ಮೊದಲ ಸ್ಲೈಡಿನಲ್ಲಿ ಇಂದಿನ ವಿಷಯಸೂಚಿ, ಎರಡನೆಯದರಲ್ಲಿ ಟ್ಯೂರಿಂಗ್ ಯಂತ್ರವೆಂದರೆ ಏಳು ಅಂಶಗಳ ಒಂದು ಕಟ್ಟು ಎಂಬ ವ್ಯಾಖ್ಯೆ, ಮೂರನೆಯದರಲ್ಲಿ ಹತ್ತಾರು ವರ್ಗಗಳ ಹೆಸರುಗಳು. ಏಳು ಅಂಶಗಳಲ್ಲಿ ನಾಲ್ಕನೆಯದು ಬರುವ ಹೊತ್ತಿಗೆ ಕೇಳುಗರು ತಾಳೆ ನೋಡುವುದನ್ನು ಬಿಟ್ಟು ನಂಬಲು ಶುರು ಮಾಡಿರುತ್ತಾರೆ. ಆಮೇಲೆ ಹೇಳಿದ್ದೆಲ್ಲ ಬರಿಯ ಸುದ್ದಿ.

'ಬೇಗ' ಎಂಬ ಮಾತನ್ನೇ ತೆಗೆದುಕೊಳ್ಳಿ. ಬಹುಪದದ ಕಾಲ, ಘಾತೀಯ ಕಾಲ ಎಂದು ಎರಡು ಪದ ಹೇಳಿ ಮುಂದೆ ಹೋದರೆ ಮನಸ್ಸಿನಲ್ಲಿ ಏನೂ ಉಳಿಯದು. ಅದರ ಬದಲು 100 ವಸ್ತುಗಳಿರುವ ಒಂದು ಸಮಸ್ಯೆಯನ್ನು ಬೋರ್ಡಿನ ಮೇಲಿಡಬೇಕು. ಪ್ರತಿ ವಸ್ತುವನ್ನೂ ಪ್ರತಿ ವಸ್ತುವಿನ ಜೊತೆ ಹೋಲಿಸುವ ವಿಧಾನಕ್ಕೆ 10,000 ಹೆಜ್ಜೆ. ಯಾವ ವಸ್ತು ಬೇಕು, ಯಾವುದು ಬೇಡ ಎಂಬ ಎಲ್ಲ ಆಯ್ಕೆಗಳನ್ನೂ ಪರೀಕ್ಷಿಸುವ ವಿಧಾನಕ್ಕೆ 2ರ 100ನೇ ಘಾತದಷ್ಟು ಹೆಜ್ಜೆ. ಸೆಕೆಂಡಿಗೆ 100 ಕೋಟಿ ಹೆಜ್ಜೆ ಇಡುವ ಯಂತ್ರ ಮೊದಲನೆಯದನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಎರಡನೆಯದಕ್ಕೆ ಸುಮಾರು 40 ಲಕ್ಷ ಕೋಟಿ ವರ್ಷ ಬೇಕು. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಈ ಲೆಕ್ಕವನ್ನು ಕೇಳುಗರು ನೋಟ್‌ಬುಕ್ಕಿನ ಅಂಚಿನಲ್ಲಿ ತಾವೇ ಮಾಡಲಿ ಎಂದು ಎರಡು ನಿಮಿಷ ಸುಮ್ಮನೆ ನಿಲ್ಲುವುದು ಒಳ್ಳೆಯದು. ಆ ಎರಡು ನಿಮಿಷದಲ್ಲಿ ಆಗುವ ಕೆಲಸ ಇಪ್ಪತ್ತು ಸ್ಲೈಡುಗಳಿಂದ ಆಗುವುದಿಲ್ಲ.

ಕೋಲ್ ಅವರ ಪುಣ್ಯವೆಂದರೆ ಅವರ ಬಳಿ ತೋರಿಸಲು ಎರಡು ಸಂಖ್ಯೆಗಳಿದ್ದವು. ಎಲ್ಲ ಸತ್ಯಗಳೂ ಹೀಗೆ ಬೋರ್ಡಿನ ಮೇಲೆ ಬರೆದು ತೋರಿಸುವಂಥವಲ್ಲ. ಅದೇ ಸಂಖ್ಯೆಯ ಚರಿತ್ರೆಯಲ್ಲೇ ಇದು ಕಾಣುತ್ತದೆ. ಅದು ಅವಿಭಾಜ್ಯವೆಂದು 1644ರಲ್ಲಿ ಫ್ರಾನ್ಸಿನ ಮರೆನ್ ಮರ್ಸೆನ್ ಹೇಳಿದ್ದರು. ಅಲ್ಲವೆಂದು 1876ರಲ್ಲೇ ಎದುವಾರ್ ಲ್ಯೂಕಾ ತೋರಿಸಿದರು, ಒಂದೇ ಒಂದು ಅಪವರ್ತನವನ್ನೂ ಕಂಡುಹಿಡಿಯದೆ! ಒಡೆಯುತ್ತದೆ ಎಂದು ಗೊತ್ತು, ಹೇಗೆ ಒಡೆಯುತ್ತದೆ ಎಂದು ಗೊತ್ತಿಲ್ಲ. ಈ ವಿಚಿತ್ರ ಸ್ಥಿತಿ 27 ವರ್ಷ ಇತ್ತು. ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಒಂದು ಸಮಸ್ಯೆ, ಅಪವರ್ತನಗಳನ್ನು ಹೆಕ್ಕಿ ಕೊಡುವುದು ಬೇರೆಯೇ ಸಮಸ್ಯೆ. ಎರಡನೆಯದಕ್ಕೆ ನಮ್ಮ ಸಾಮಾನ್ಯ ಕಂಪ್ಯೂಟರುಗಳಲ್ಲಿ ವೇಗದ ವಿಧಾನ ಇವತ್ತಿಗೂ ಸಿಕ್ಕಿಲ್ಲ. ಮೊದಲನೆಯದು ಪಿ ಗುಂಪಿಗೆ ಸೇರುತ್ತದೆ ಎಂದು 2002ರ ಆಗಸ್ಟಿನಲ್ಲಿ ಸಾಧಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗರವಾಲ್ ಮತ್ತು ಆಗಷ್ಟೇ ಬಿ.ಟೆಕ್ ಮುಗಿಸಿದ್ದ ಅವರ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್ ಹಾಗೂ ನಿತಿನ್ ಸಕ್ಸೇನಾ. ಅವರು ಕಳಿಸಿದ ಲೇಖನ ಅಮೆರಿಕದಲ್ಲಿ ಕಾರ್ಲ್ ಪೊಮರೆನ್ಸ್ ಅವರ ಕೈಸೇರಿದ ದಿನವೇ ಅವರು ಅದನ್ನು ಓದಿ, ಸರಿಯಿದೆ ಎಂದು ಮನಗಂಡು, ಅದೇ ಮಧ್ಯಾಹ್ನ ಸಹೋದ್ಯೋಗಿಗಳನ್ನು ಕೂಡಿಸಿ ದಿಢೀರನೆ ಒಂದು ಸೆಮಿನಾರ್ ನಡೆಸಿಬಿಟ್ಟರು. ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನ ಬೇರೆಯವರ ಮುಂದೆ ನಿಂತು ಹೇಳಲು ಸಾಧ್ಯವಾಯಿತು ಎಂಬುದಕ್ಕಿಂತ ದೊಡ್ಡ ಪ್ರಶಂಸೆ ಒಂದು ಸಾಧನೆಗೆ ಬೇರೆ ಇಲ್ಲ ಎಂದು ನನಗನಿಸುತ್ತದೆ.

ಇನ್ನೂ ಕಷ್ಟದ್ದು 'ಇಂಥ ವಿಧಾನವೇ ಇಲ್ಲ' ಎಂದು ಹೇಳಬೇಕಾದ ಉಪನ್ಯಾಸ. ಇಲ್ಲದ್ದನ್ನು ಬೋರ್ಡಿನ ಮೇಲೆ ಬರೆಯುವುದು ಹೇಗೆ? ಯಾವುದನ್ನು ಲೆಕ್ಕ ಹಾಕಿ ತೀರ್ಮಾನಿಸಬಹುದು, ಯಾವುದನ್ನು ಆಗದು ಎಂದು ನೋಡುವ ಗಣನೀಯತೆಯ ಶಾಸ್ತ್ರ ಹುಟ್ಟಿದ್ದೇ ಈ ಇಕ್ಕಟ್ಟಿನಲ್ಲಿ, ಅದೂ ಒಂದು ಉಪನ್ಯಾಸದಿಂದ. 1935ರಲ್ಲಿ ಕೇಂಬ್ರಿಜ್‌ನಲ್ಲಿ ಮ್ಯಾಕ್ಸ್ ನ್ಯೂಮನ್ ಗಣಿತದ ಬುನಾದಿಗಳ ಬಗ್ಗೆ ಪಾಠ ಮಾಡುತ್ತ, ಯಾವುದೇ ಗಣಿತದ ಹೇಳಿಕೆ ಸಾಧಿಸಲು ಬರುತ್ತದೋ ಇಲ್ಲವೋ ಎಂದು ಯಾಂತ್ರಿಕವಾಗಿ ತೀರ್ಮಾನಿಸುವ ವಿಧಾನ ಇದೆಯೇ ಎಂಬ ಗಣಿತಜ್ಞ ಹಿಲ್ಬರ್ಟ್ ಅವರ ಪ್ರಶ್ನೆಯನ್ನು ತೆರೆದೇ ಬಿಟ್ಟರು. ಕೇಳುತ್ತ ಕೂತಿದ್ದ ಅಲನ್ ಟ್ಯೂರಿಂಗ್ 'ಯಾಂತ್ರಿಕ' ಎಂಬುದಕ್ಕೆ ಒಂದು ಯಂತ್ರವನ್ನೇ ಕಲ್ಪಿಸಿ, ಅಂಥ ವಿಧಾನ ಸಾಧ್ಯವಿಲ್ಲ ಎಂದು ತೋರಿಸಿದರು. ಅಮೆರಿಕದಲ್ಲಿ ಅಲೊಂಜೊ ಚರ್ಚ್ ಬೇರೆ ದಾರಿಯಿಂದ ಅಲ್ಲಿಗೇ ಬಂದಿದ್ದರು. 1936ರ ಡಿಸೆಂಬರಿನಲ್ಲಿ ಪ್ರಿನ್ಸ್‌ಟನ್ನಿನ ಗಣಿತ ಕ್ಲಬ್ಬಿನಲ್ಲಿ ಟ್ಯೂರಿಂಗ್ ತಮ್ಮ ಕೆಲಸದ ಬಗ್ಗೆ ಮಾತನಾಡಿದಾಗ ಬಂದವರು ತೀರಾ ಕಡಿಮೆ. ಆಗ ಅವರಿಗೆ 24 ವರ್ಷ. ಹೆಸರಿದ್ದವರ ಮಾತನ್ನಷ್ಟೇ ಜನ ಕೇಳಲು ಬರುತ್ತಾರೆ ಎಂದು ತಾಯಿಗೆ ಬರೆದ ಪತ್ರದಲ್ಲಿ ನೊಂದುಕೊಂಡರು. ಇಪ್ಪತ್ತನೇ ಶತಮಾನದ ಅತ್ಯಂತ ಮಹತ್ವದ ವಿಚಾರಗಳಲ್ಲೊಂದು ಖಾಲಿ ಕುರ್ಚಿಗಳ ಮುಂದೆ ಮಂಡನೆಯಾಯಿತು ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕುರ್ಟ್ ಗೋಡೆಲ್ ಅವರಿಗೂ ಹೀಗೇ ಆಗಿತ್ತು. 1930ರ ಸೆಪ್ಟೆಂಬರ್ 7ರಂದು ಕೋನಿಗ್ಸ್‌ಬರ್ಗಿನ ಚರ್ಚೆಯೊಂದರಲ್ಲಿ ಗಣಿತದ ಒಂದು ನಿಯಮವ್ಯವಸ್ಥೆಯೊಳಗೆ ಸಾಧಿಸಲಾಗದ ನಿಜಗಳು ಉಳಿಯುತ್ತವೆ ಎಂಬ ತಮ್ಮ ಅಪೂರ್ಣತೆಯ ಫಲಿತಾಂಶವನ್ನು ಅವರು ಬಾಯಿಮಾತಿನಲ್ಲಿ ಚುಟುಕಾಗಿ ಹೇಳಿದರು. ಅದರ ತೂಕ ತಕ್ಷಣ ತಿಳಿದದ್ದು ಜಾನ್ ಫಾನ್ ನಾಯ್ಮನ್ ಒಬ್ಬರಿಗೆ ಎಂದು ಹೇಳುತ್ತಾರೆ. ಮರುದಿನ ಅದೇ ಊರಿನಲ್ಲಿ ಹಿಲ್ಬರ್ಟ್, ಗಣಿತದಲ್ಲಿ ತಿಳಿಯಲಾಗದ್ದು ಯಾವುದೂ ಇಲ್ಲ ಎಂದು ಆತ್ಮವಿಶ್ವಾಸದಿಂದ ಭಾಷಣ ಮಾಡಿದರು. ಹಿಂದಿನ ದಿನದ ಮಾತು ಎಷ್ಟು ಜನರ ಕಿವಿ ದಾಟಿ ಒಳಗಿಳಿದಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

'ಇಲ್ಲ' ಎಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳಬೇಕಾದಾಗ ನಾನು ಗೋಲ್ಡ್‌ಬಾಕ್ ಊಹೆಯಿಂದ ಶುರು ಮಾಡುತ್ತೇನೆ. 2ಕ್ಕಿಂತ ದೊಡ್ಡದಾದ ಯಾವುದೇ ಸಮಸಂಖ್ಯೆ ಎರಡು ಅವಿಭಾಜ್ಯಗಳ ಮೊತ್ತ ಎಂಬುದು 1742ರ ಊಹೆ, ಇನ್ನೂ ಸಾಧನೆಯಾಗಿಲ್ಲ. ಈಗ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ: 4, 6, 8 ಎಂದು ಒಂದೊಂದೇ ಸಮಸಂಖ್ಯೆಯನ್ನು ಪರೀಕ್ಷಿಸುತ್ತ ಹೋಗಿ, ಊಹೆಗೆ ಹೊಂದದ್ದು ಸಿಕ್ಕರೆ ನಿಲ್ಲಬೇಕು. ಒಂದನೇ ವರ್ಷದ ವಿದ್ಯಾರ್ಥಿಗೂ ಇದು ಸಾಧ್ಯ. ಈ ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆಯೇ? ಇದಕ್ಕೆ ಉತ್ತರ ಗೊತ್ತಾದರೆ ಸುಮಾರು 300 ವರ್ಷದ ಪ್ರಶ್ನೆ ಬಗೆಹರಿಯಿತು! ಯಾವುದೇ ಪ್ರೋಗ್ರಾಂ ಕೊಟ್ಟರೂ ನಿಲ್ಲುತ್ತದೋ ಇಲ್ಲವೋ ಎಂದು ಹೇಳುವ ಒಂದು ಸಾಧನವಿದ್ದರೆ ಅದೆಷ್ಟು ಶಕ್ತಿಶಾಲಿ ಆಗಿರಬೇಕು ಎಂಬುದು ಕೇಳುಗರಿಗೆ ಇಲ್ಲೇ ಹೊಳೆಯುತ್ತದೆ. ಆಮೇಲೆ ಅದು ಇಲ್ಲವೆಂದು ಹೇಳಿದರೆ ಅಚ್ಚರಿಗಿಂತ ಹೆಚ್ಚಾಗಿ ಕುತೂಹಲ ಮೂಡುತ್ತದೆ.

ಸಾಧನೆಯನ್ನು ಬರೆದು ತೋರಿಸುವ ಬದಲು ಆಡಿ ತೋರಿಸಬೇಕು. ಸಭೆಯಲ್ಲಿ ಒಬ್ಬರನ್ನು ಎಬ್ಬಿಸಿ, 'ನಿಮ್ಮ ಬಳಿ ಅಂಥ ಪರೀಕ್ಷಕ ಪ್ರೋಗ್ರಾಂ ಇದೆ ಎಂದುಕೊಳ್ಳೋಣ' ಎನ್ನಬೇಕು. ನನ್ನ ಪ್ರೋಗ್ರಾಂ ಮಾಡುವುದಿಷ್ಟೆ: ಯಾವುದಾದರೂ ಒಂದು ಪ್ರೋಗ್ರಾಮಿನ ಪಠ್ಯವನ್ನು ತೆಗೆದುಕೊಂಡು, 'ಇದಕ್ಕೆ ಇದರದೇ ಪಠ್ಯ ಕೊಟ್ಟು ಓಡಿಸಿದರೆ ನಿಲ್ಲುತ್ತದೆಯೇ' ಎಂದು ನಿಮ್ಮ ಪರೀಕ್ಷಕನನ್ನು ಕೇಳುತ್ತದೆ. ನಿಲ್ಲುತ್ತದೆ ಎಂದು ಉತ್ತರ ಬಂದರೆ ನನ್ನದು ಕೊನೆಯಿಲ್ಲದೆ ಸುತ್ತುತ್ತದೆ. ನಿಲ್ಲುವುದಿಲ್ಲ ಎಂದು ಬಂದರೆ ತಟ್ಟನೆ ನಿಲ್ಲುತ್ತದೆ. ಈಗ ನನ್ನ ಪ್ರೋಗ್ರಾಮಿಗೆ ಅದರದೇ ಪಠ್ಯವನ್ನು ಕೊಡುತ್ತೇನೆ. ನಿಮ್ಮ ಪರೀಕ್ಷಕ ಏನೆನ್ನುತ್ತಾನೆ? ಎದ್ದು ನಿಂತವರು 'ನಿಲ್ಲುತ್ತದೆ' ಎನ್ನುತ್ತಾರೆ. ಹಾಗಾದರೆ ಅದು ನಿಲ್ಲುವುದಿಲ್ಲ. 'ಇಲ್ಲ, ನಿಲ್ಲುವುದಿಲ್ಲ' ಎಂದು ಬದಲಿಸುತ್ತಾರೆ, ಹಾಗಾದರೆ ನಿಂತಿತು. ಎರಡೂ ದಾರಿ ಮುಚ್ಚಿತೆಂದು ಅವರಿಗೆ ಅರಿವಾಗುವ ಕ್ಷಣ ಇಡೀ ಸಭೆಗೇ ಕಾಣುತ್ತದೆ. ಸಮಸ್ಯೆಗೆ ಇಂದು ಕೊಡುವ ಈ ರೂಪ ಟ್ಯೂರಿಂಗ್ ಅವರ ಮೂಲ ಲೇಖನದಲ್ಲಿ ಹೀಗೆಯೇ ಇಲ್ಲ. ಆಮೇಲಿನವರು ಅದನ್ನು ತಿದ್ದಿ ತೀಡಿ ಇಷ್ಟು ಚಿಕ್ಕದಾಗಿಸಿದ್ದಾರೆ. ಒಂದೇ ಎಚ್ಚರಿಕೆ: ಇದನ್ನು ಕೇಳಿದವರು 'ಯಾವ ಪ್ರೋಗ್ರಾಂ ನಿಲ್ಲುತ್ತದೆ ಎಂದೂ ಹೇಳಲಾಗದು' ಎಂದು ತಿಳಿದು ಮನೆಗೆ ಹೋಗುವುದುಂಟು. ಹಾಗಲ್ಲ. ಒಂದೊಂದು ಪ್ರೋಗ್ರಾಮಿನ ಬಗ್ಗೆ ಹೇಳಲು ಸಾಧ್ಯವಾಗಬಹುದು. ಎಲ್ಲವಕ್ಕೂ ಸಲ್ಲುವ ಒಂದೇ ವಿಧಾನ ಇಲ್ಲ. ಇದನ್ನು ಮಾತು ಮುಗಿಸುವ ಮುನ್ನ ಎರಡು ಸಲವಾದರೂ ಹೇಳಬೇಕು.

ಇಲ್ಲಿ ನಡೆದದ್ದು ಒಂದು ಸಂಭಾಷಣೆ ಎಂಬುದು ಗಮನಿಸಬೇಕಾದ ಸಂಗತಿ. ಸಂಭಾಷಣೆಯೇ ಸಾಧನೆಯಾಗಬಲ್ಲುದು ಎಂಬುದನ್ನು ಶಾಸ್ತ್ರವೇ 1985ರಲ್ಲಿ ಒಪ್ಪಿಕೊಂಡಿತು. ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ, ಚಾರ್ಲ್ಸ್ ರಾಕಾಫ್ ಒಂದು ಕಡೆ, ಲಾಸ್ಲೊ ಬಾಬಾಯ್ ಇನ್ನೊಂದು ಕಡೆ, ಪ್ರಶ್ನೋತ್ತರಗಳ ಮೂಲಕ ಮನಗಾಣಿಸುವ ಸಾಧನೆಗಳ ಸಿದ್ಧಾಂತ ಕಟ್ಟಿದರು. ಚಿಕೋರಿ ಬೆರೆಸಿದ ಕಾಫಿಗೂ ಬೆರೆಸದ ಕಾಫಿಗೂ ವ್ಯತ್ಯಾಸ ಗೊತ್ತಾಗುತ್ತದೆ ಎಂದು ನಿಮ್ಮ ಸೋದರಮಾವ ವಾದಿಸುತ್ತಾರೆ ಅಂದುಕೊಳ್ಳಿ. ನಿಮ್ಮ ನಾಲಿಗೆಗೆ ಎರಡೂ ಒಂದೇ. ಅವರಿಗೆ ಕಾಣದ ಹಾಗೆ ಯಾವುದೋ ಒಂದನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟು, ಯಾವುದೆಂದು ಕೇಳಿ. 20 ಸಲವೂ ಸರಿಯಾಗಿ ಹೇಳಿದರೆ ಬರಿಯ ಊಹೆಯಿಂದ ಹಾಗಾಗುವ ಸಾಧ್ಯತೆ 10,48,576ರಲ್ಲಿ ಒಂದು. ವ್ಯತ್ಯಾಸ ಏನೆಂದು ನಿಮಗೆ ತಿಳಿಯದೆಯೇ ವ್ಯತ್ಯಾಸ ಇದೆ ಎಂದು ಮನವರಿಕೆಯಾಯಿತು. ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಎರಡು ಜಾಲಗಳು ಬೇರೆ ಬೇರೆ ರಚನೆಯವು ಎಂದು ತೋರಿಸಲು ಇದೇ ಉಪಾಯ: ಕೇಳುವವರು ಗುಟ್ಟಾಗಿ ಒಂದನ್ನು ಆರಿಸಿ, ಬಿಂದುಗಳ ಹೆಸರನ್ನು ಕಲಸಿ, 'ಇದು ಯಾವುದು' ಎಂದು ಕೇಳುತ್ತಾರೆ. ಜಾಲಗಳು ಒಂದೇ ರಚನೆಯವು ಎಂದು ತೋರಿಸುವುದು ಸುಲಭ, ಯಾವ ಬಿಂದುವಿಗೆ ಯಾವುದು ಜೋಡಿ ಎಂಬ ಪಟ್ಟಿ ಸಾಕು. ಒಂದೇ ಅಲ್ಲ ಎಂಬುದಕ್ಕೆ ಅಂಥ ಚಿಕ್ಕ ಪಟ್ಟಿ ಯಾವಾಗಲೂ ಇದೆಯೆಂದು ಗೊತ್ತಿಲ್ಲ, ಆದರೆ ಪ್ರಶ್ನೆ ಕೇಳಲು ಬಿಟ್ಟರೆ ಸಾಕು.

ಎಲ್ಲ ಪ್ರಶ್ನೆಗಳೂ ಕೊನೆಗೆ ಎಂದು ಹೇಳುವ ಉಪನ್ಯಾಸಕರನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ. ಕೇಳುಗರ ಪ್ರಶ್ನೆ ಮಾತಿಗೆ ಅಡ್ಡಿಯಲ್ಲ, ಸಾಧನೆಯ ಭಾಗ. ಮೊದಲೇ ಅಂದುಕೊಂಡಿರದ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಬಂದಾಗ ಹುಟ್ಟುವ ಭರವಸೆ ಅಚ್ಚುಕಟ್ಟಾದ ಸ್ಲೈಡುಗಳಿಂದ ಹುಟ್ಟುವುದಿಲ್ಲ.

ಅದೇ ಬಾಬಾಯ್ 2015ರ ನವೆಂಬರ್ 10ರಂದು ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾತನಾಡಲು ನಿಂತಾಗ ಕೋಣೆ ಕಿಕ್ಕಿರಿದಿತ್ತು. ಎರಡು ಜಾಲಗಳು ಒಂದೇ ರಚನೆಯವೇ ಎಂದು ಹೇಳುವ ಸಮಸ್ಯೆಗೆ, ಅದುವರೆಗಿನ ಎಲ್ಲ ವಿಧಾನಗಳಿಗಿಂತ ಬಹಳ ವೇಗದ, ಬಹುಪದದ ಕಾಲಕ್ಕೆ ತೀರಾ ಹತ್ತಿರದ ವಿಧಾನವನ್ನು ಅವರು ಪ್ರಕಟಿಸಿದರು. ಮುಂದೆ ಇನ್ನಷ್ಟು ಉಪನ್ಯಾಸಗಳು ನಡೆದವು. ಒಂದು ವರ್ಷ ದಾಟಿದ ಮೇಲೆ ಪ್ಯಾರಿಸ್ಸಿನ ಬೂರ್ಬಾಕಿ ಸೆಮಿನಾರಿನಲ್ಲಿ ಇದೇ ಸಾಧನೆಯನ್ನು ವಿವರಿಸಲು ಹ್ಯಾರಲ್ಡ್ ಹೆಲ್ಫ್‌ಗಾಟ್ ತಯಾರಿ ನಡೆಸಿದ್ದರು. ಆ ಸೆಮಿನಾರಿನ ಪದ್ಧತಿಯೇ ಹಾಗೆ, ಮಾತನಾಡುವುದು ಬೇರೊಬ್ಬರ ಕೆಲಸದ ಬಗ್ಗೆ. ಪ್ರತಿ ಹೆಜ್ಜೆಯನ್ನೂ ತಮ್ಮ ಮಾತಿನಲ್ಲಿ ಹೇಳಲು ಹೊರಟಾಗ ಕಾಲದ ಲೆಕ್ಕದಲ್ಲಿ ಒಂದು ದೋಷ ಅವರಿಗೆ ಸಿಕ್ಕಿತು. 2017ರ ಜನವರಿ 4ರಂದು ಬಾಬಾಯ್ ತಮ್ಮ ಹೇಳಿಕೆಯನ್ನು ಬಹಿರಂಗವಾಗಿ ಹಿಂದಕ್ಕೆ ಪಡೆದರು. ಐದೇ ದಿನಗಳಲ್ಲಿ ದೋಷ ಸರಿಪಡಿಸಿ ಫಲಿತಾಂಶವನ್ನು ಮತ್ತೆ ನಿಲ್ಲಿಸಿದರು. ಜನವರಿ 14ರಂದು ಹೆಲ್ಫ್‌ಗಾಟ್ ಪ್ಯಾರಿಸ್ಸಿನಲ್ಲಿ ಉಪನ್ಯಾಸ ಕೊಟ್ಟರು. ಪರಿಣತರ ಕಣ್ಣಿಗೆ ವರ್ಷವಿಡೀ ಬೀಳದ ದೋಷ ಉಪನ್ಯಾಸದ ತಯಾರಿಯಲ್ಲಿ ಬಿತ್ತು. ಓದುವಾಗ ನಾವು ಎಷ್ಟೋ ಸಾಲುಗಳನ್ನು ತಲೆಯಾಡಿಸಿ ದಾಟುತ್ತೇವೆ. ಇನ್ನೊಬ್ಬರಿಗೆ ಹೇಳಬೇಕಾದಾಗ ಹಾಗೆ ದಾಟಲು ಬರುವುದಿಲ್ಲ.

ನಮ್ಮಲ್ಲಿ ಈ ಶಾಸ್ತ್ರದ ಮಾತುಕತೆಗೆ ಕೊರತೆಯಿಲ್ಲ. ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದ ಭಾರತೀಯ ವಾರ್ಷಿಕ ಸಮ್ಮೇಳನ 1981ರಲ್ಲಿ ಮೊದಲು ಸೇರಿದ್ದು ಬೆಂಗಳೂರಿನಲ್ಲಿ. ಕಾನ್ಪುರದ ಆ ಮೂವರಲ್ಲಿ ಒಬ್ಬರಾದ ನೀರಜ್ ಕಯಾಲ್ ಮುಂದೆ ಕೆಲಸ ಮಾಡಿದ್ದು ಇದೇ ಊರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ. ಆದರೆ ಇಲ್ಲಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದ ಹುಡುಗ ಹುಡುಗಿಯರು ಮೇಲಿನ ಪರೀಕ್ಷಕ ಪ್ರೋಗ್ರಾಮಿನ ವಾದವನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಅದೇ ವಾದವನ್ನು ಕನ್ನಡದಲ್ಲಿ ಆಡಿಸಿದರೆ ಹತ್ತು ನಿಮಿಷದಲ್ಲಿ ಅವರೇ ಎದ್ದು 'ಪರೀಕ್ಷಕನನ್ನೇ ಇನ್ನೊಬ್ಬ ಪರೀಕ್ಷಕ ಪರೀಕ್ಷಿಸಿದರೆ?' ಎಂದು ಕೇಳುತ್ತಾರೆ. ಅದು ಮುಂದಿನ ಸಂಶೋಧನೆಯ ಬಾಗಿಲಲ್ಲೇ ನಿಂತು ಕೇಳಿದ ಪ್ರಶ್ನೆ. ಪಾರಿಭಾಷಿಕ ಪದಗಳಿಗೆ ಕಾಯುತ್ತ ಕೂರುವುದು ಬೇಡ. ಅಲ್ಗಾರಿದಮ್ ಅಲ್ಗಾರಿದಮ್ಮೇ ಆಗಿರಲಿ, ವಾಕ್ಯ ಕನ್ನಡದ್ದಾಗಿರಲಿ.

ಪಿ ಮತ್ತು ಎನ್‌ಪಿ ಪ್ರಶ್ನೆಗೆ ಉತ್ತರ ಸಿಕ್ಕ ದಿನ ನಡೆಯುವ ಉಪನ್ಯಾಸ ಹೇಗಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಎರಡೂ ಒಂದೇ ಎಂದು, ಅದೂ ನಿಜಕ್ಕೂ ಓಡಿಸಬಹುದಾದ ವಿಧಾನದ ಸಮೇತ ಯಾರಾದರೂ ಸಾಧಿಸಿದರೆ ಕೋಲ್ ಅವರಂತೆ ಮಾತಿಲ್ಲದೆ ಶುರು ಮಾಡಬಹುದು. ಆರ್‌ಎಸ್‌ಎ-2048 ಎಂಬ 617 ಅಂಕಿಗಳ ಸಂಖ್ಯೆಯನ್ನು ಇದುವರೆಗೆ ಯಾರೂ ಒಡೆದಿಲ್ಲ. ಅದರ ಎರಡು ಅಪವರ್ತನಗಳನ್ನು ಪರದೆಯ ಮೇಲಿಟ್ಟು ಗುಣಿಸಿದರೆ ಸಭೆಯ ಗಮನವೆಲ್ಲ ಅಲ್ಲಿಗೇ ಬರುತ್ತದೆ. ಹೆಚ್ಚಿನ ಪರಿಣತರು ನಂಬಿರುವಂತೆ ಎರಡೂ ಬೇರೆ ಎಂಬುದೇ ಸಾಧನೆಯಾದರೆ ತೋರಿಸಲು ಯಾವ ಸಂಖ್ಯೆಯೂ ಇರುವುದಿಲ್ಲ. ಗೊತ್ತಿರುವ ಸಾಧನೆಯ ದಾರಿಗಳಲ್ಲಿ ಕೆಲವು ಇಲ್ಲಿಗೆ ಮುಟ್ಟಲಾರವು ಎಂದು 1975ರಲ್ಲಿ ಬೇಕರ್, ಗಿಲ್, ಸೊಲೊವೇ ತೋರಿಸಿದರು. ಇನ್ನೂ ಕೆಲವಕ್ಕೆ ಅಡ್ಡಗೋಡೆ ಇದೆಯೆಂದು 1994ರಲ್ಲಿ ರಜ್ಬೊರೋವ್ ಮತ್ತು ರೂಡಿಚ್ ತೋರಿಸಿದರು. ಆದ್ದರಿಂದ ಉಪನ್ಯಾಸಕರು ಮೊದಲ ಗಂಟೆಯಲ್ಲಿ ಆ ಗೋಡೆಗಳನ್ನು ತಾವು ಹೇಗೆ ದಾಟಿದೆವೆಂದು ಹೇಳಬೇಕಾಗುತ್ತದೆ. ಮೊದಲ ಪ್ರಶ್ನೆ ಬರುವುದೂ ಅಲ್ಲಿಂದಲೇ. ಆಮೇಲೆ ದಿನಗಟ್ಟಲೆ ಸೆಮಿನಾರುಗಳು, ಯಾವುದೋ ಊರಿನಲ್ಲಿ ಅದೇ ಸಾಧನೆಯನ್ನು ಬೇರೆಯವರಿಗೆ ಹೇಳಲು ತಯಾರಾಗುತ್ತಿರುವ ಇನ್ನೊಬ್ಬರು. ಈ ಪ್ರಶ್ನೆಗೆ 2000ದಲ್ಲಿ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದ ಕ್ಲೇ ಸಂಸ್ಥೆಯ ನಿಯಮದಲ್ಲೂ ಅದಕ್ಕೆ ಕಾಲಾವಕಾಶವಿದೆ: ಸಾಧನೆ ಪ್ರಕಟವಾಗಿ ಕನಿಷ್ಠ 2 ವರ್ಷ ಕಳೆದು, ಗಣಿತಲೋಕ ಅದನ್ನು ಒಪ್ಪಿರಬೇಕು.